ಹನ್ನೊಂದನೇ ಬೋರ್ಡಿನ ಬಲಜೇಬು

ವಿಜಯನಗರದ ಇತಿಹಾಸವನ್ನು ಮುಂದೆ ಯಾರಾದರೂ ಶ್ರದ್ಧೆಯಿಂದ ಬರೆಯಲು ಕೂತರೆ, ಬಡಾವಣೆ ಎದ್ದದ್ದು, ಮೆಟ್ರೋ ಬಂದದ್ದು ಇವುಗಳ ಜೊತೆಗೆ ಇನ್ನೊಂದು ಸಂಗತಿಗೂ ಅವರು ಒಂದು ಅಧ್ಯಾಯ ಬಿಡಬೇಕಾಗುತ್ತದೆ: ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆ ನಾಲ್ಕು ನಿಮಿಷಕ್ಕೆ, ಸಮುದಾಯ ಭವನದ ಮಹಡಿಯ ಮೇಲೆ, ನಿವೃತ್ತ ಲೈಬ್ರರಿಯನ್ ಚಕ್ರಪಾಣಿಯವರ ಪ್ಯಾಂಟಿನ ಬಲಜೇಬು ಖಾಲಿ ಇರಲಿಲ್ಲ.

ಖಾಲಿ ಇರಬೇಕಿತ್ತು. ಚೆಸ್ ಟೂರ್ನಮೆಂಟ್ ನಡೆಯುವ ಹಾಲಿನೊಳಗೆ ಹೋಗುವವರು ಫೋನನ್ನು ಬಾಗಿಲಲ್ಲೇ ಕೊಟ್ಟು ಹೋಗಬೇಕು, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಹಾಗೆ. ಬಾಗಿಲ ಪಕ್ಕ ಹಾಲಿನ ಪ್ಯಾಕೆಟ್ಟಿನ ನೀಲಿ ಕ್ರೇಟು, ಕ್ರೇಟಿನಲ್ಲಿ ಫೋನು, ಕೈಗೆ ನಂಬರ್ ಹೊಡೆದ ಒಂದು ಟೋಕನ್ನು. ಕೊಡದೆ ಒಳಗೆ ಬಂದು ಫೋನು ಬಡಿದುಕೊಂಡರೆ, ಬೋರ್ಡಿನ ಮೇಲೆ ನೀವು ಎಷ್ಟೇ ಗೆಲ್ಲುತ್ತಿದ್ದರೂ ಸೋತಿರಿ. ಬಡಿದುಕೊಳ್ಳದಿದ್ದರೂ, ಜೇಬಿನಲ್ಲಿದೆ ಎಂದು ಗೊತ್ತಾದರೆ ಸಾಕು. ಯಾಕೆಂದರೆ ಈಗಿನ ಫೋನಿನೊಳಗೆ ಯಾವ ಚಾಂಪಿಯನ್ನನ್ನಾದರೂ ಮಣಿಸಬಲ್ಲ ಆಟಗಾರನೊಬ್ಬ ಪುಕ್ಕಟೆಯಾಗಿ ಕೂತಿರುತ್ತಾನೆ. ಅವನನ್ನು ಈ ಮಂದಿ ಎಂಜಿನ್ ಎನ್ನುತ್ತಾರೆ. ಕದ್ದು ಅವನ ಸಲಹೆ ಕೇಳುವವರನ್ನು ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಬೆಳಗಿನ ನಾಲ್ಕು ಸುತ್ತುಗಳಲ್ಲೂ ಚಕ್ರಪಾಣಿಯವರು ಫೋನು ಕೊಟ್ಟು, ಟೋಕನ್ನನ್ನು ಕನ್ನಡಕದ ಡಬ್ಬಿಯಲ್ಲಿ ಭದ್ರವಾಗಿಟ್ಟುಕೊಂಡಿದ್ದರು. ಊಟದ ಬಿಡುವಿನಲ್ಲಿ ಕೆಳಗಿನ ದರ್ಶಿನಿಯಲ್ಲಿ ಸ್ಕ್ಯಾನ್ ಮಾಡಲು ಫೋನು ಬೇಕಾಯಿತು, ಬಿಡಿಸಿಕೊಂಡರು. ಬಿಸಿಬೇಳೆಬಾತು ಮುಗಿಸಿ, ಹೆಂಡತಿ ತುಂಗಾ ಜೊತೆ ಫೋನಿನಲ್ಲಿ ಎರಡು ಮಾತಾಡಿ, ಬಾದಾಮಿ ಹಾಲಿನ ಲೋಟವನ್ನು ಬಾಯಿಗಿಟ್ಟಿದ್ದಾರೆ, ಮೆಟ್ಟಿಲ ಮೇಲಿಂದ ಸ್ನೇಹಿತ ಗುರುಸಿದ್ದಯ್ಯನವರ ಕೂಗು ಬಂತು: "ಚಕ್ರಪಾಣಿಯವ್ರೇ, ಬರ್ರೀ ಲಗೂನ, ಗಡಿಯಾರ ಒತ್ತಿ ಬಿಟ್ಟಾರ!" ಓಡಿದರು. ಕ್ರೇಟು ಕಾಯುತ್ತಿದ್ದವರು ಮೊಸರನ್ನಕ್ಕೆ ಹೋಗಿದ್ದರು. ಫೋನು, ಅದು ಇದ್ದ ಜೇಬು, ಜೇಬು ಇದ್ದ ಮನುಷ್ಯ ಮೂರೂ ಹನ್ನೊಂದನೇ ಬೋರ್ಡಿನ ಮುಂದೆ ಹೋಗಿ ಕೂತವು.

ಒಂಬತ್ತನೇ ನಡೆಗೆ ಕುದುರೆಯನ್ನು ಎತ್ತಿ, ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತಾಗ, ತೊಡೆಗೆ ಗಟ್ಟಿಯಾಗಿ ಏನೋ ಒತ್ತಿತು. ಇನ್ನೂ ಬೆಚ್ಚಗಿತ್ತು.

ಚಕ್ರಪಾಣಿಯವರ ಕೈಯಲ್ಲಿ ಕುದುರೆ ಅರ್ಧ ಆಕಾಶದಲ್ಲಿ ನಿಂತಿತು.

ಎದುರಿಗಿದ್ದವಳು ಇಂಚರಾ. ಹತ್ತು ವರ್ಷ, ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ರಬ್ಬರ್ ಬ್ಯಾಂಡು. ಅವಳು ಕುದುರೆಯನ್ನು ನೋಡಿ, ಅವರ ಮುಖ ನೋಡಿ, "ಇಡಿ ಅಂಕಲ್, ಕೈ ನೋಯತ್ತೆ," ಎಂದಳು. ಅವರು ಇಟ್ಟರು.

ಚಕ್ರಪಾಣಿಯವರು ಹೆದರದೆ ಆಡಿದ ಟೂರ್ನಮೆಂಟು ಅಂತ ಒಂದೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮೂವತ್ತಾರು ವರ್ಷದಿಂದ ಅವರು ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಎನ್ನದೆ ಸುತ್ತಿ ಬಂದಿದ್ದರು. ಮೊದಲನೆಯದು ರಾಜಾಜಿನಗರದ ಗಣೇಶನ ಪೆಂಡಾಲು. ಪಕ್ಕದಲ್ಲೇ ಲೌಡ್‌ಸ್ಪೀಕರು, ಎದುರಿಗೆ ಪಾನ್ ಜಗಿಯುವ ಒಬ್ಬ ಟೈಲರ್. ಆ ಟೈಲರ್ ಹದಿನೆಂಟು ನಡೆಗೆ ಅವರ ರಾಜನನ್ನು ಕಟ್ಟಿಹಾಕಿ, "ಪರ್ವಾಗಿಲ್ಲ ಸಾರ್, ನೀವು ಓದಿದೋರು," ಎಂದು ಸಮಾಧಾನ ಮಾಡಿದ್ದ. ಬಸವೇಶ್ವರನಗರದಲ್ಲಿ ಒಮ್ಮೆ ತುಂಬುತೋಳಿನ ಅಂಗಿಯ ಗುಂಡಿ ರಾಜನಿಗೆ ತಗುಲಿತು. ಮುಟ್ಟಿದ ಕಾಯಿ ನಡೆಸಲೇಬೇಕು ಎಂಬುದು ಆಟದ ನಿಯಮ. ಎದುರಾಳಿ ಬಿಡಲಿಲ್ಲ, ರಾಜ ನಡೆದ, ಆಟ ಹೋಯಿತು. ಅಂದಿನಿಂದ ಚಕ್ರಪಾಣಿಯವರು ಅರ್ಧತೋಳಿನ ಅಂಗಿಯನ್ನೇ ಹಾಕುತ್ತಾರೆ, ಮಗಳ ಮದುವೆಯ ಫೋಟೋದಲ್ಲೂ. ಇಷ್ಟೆಲ್ಲ ಹೆದರಿ ಗಳಿಸಿದ್ದು ಏನೆಂದರೆ ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟುಗಳು, ಮತ್ತು ಕಾರ್ಪೊರೇಟರ್ ಹೆಸರು ಕೆತ್ತಿದ ಒಂದು ಸ್ಟೀಲ್ ಲೋಟ. ಆ ಲೋಟದಲ್ಲಿ ತುಂಗಾ ಮೆಂತ್ಯ ನೆನೆಹಾಕುತ್ತಾರೆ.

ಇವತ್ತು ಲೋಟವಲ್ಲ, ಕಪ್ಪು. ಅರವತ್ತು ದಾಟಿದವರಲ್ಲಿ ಹೆಚ್ಚು ಪಾಯಿಂಟ್ ತೆಗೆದವರಿಗೆ ಹಿರಿಯರ ಕಪ್ ಎಂದು ಇಟ್ಟಿದ್ದರು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಅದು ಬೆಳಿಗ್ಗೆಯಿಂದ ಹೊಳೆಯುತ್ತ ನಿಂತಿತ್ತು. ನಾಲ್ಕು ಸುತ್ತು ಮುಗಿದಾಗ ಚಕ್ರಪಾಣಿಯವರಿಗೆ ಮೂರು ಪಾಯಿಂಟು, ಗುರುಸಿದ್ದಯ್ಯನವರಿಗೂ ಮೂರು. ಗುರುಸಿದ್ದಯ್ಯ ಕೊನೆಯ ಸುತ್ತನ್ನು ಹತ್ತೇ ನಿಮಿಷಕ್ಕೆ ಡ್ರಾ ಮಾಡಿಕೊಂಡು ಎದ್ದು ಹೋಗಿದ್ದರು. ಡ್ರಾಕ್ಕೆ ಅರ್ಧ, ಅಂದರೆ ಒಟ್ಟು ಮೂರೂವರೆ ಪಾಯಿಂಟು. ಚಕ್ರಪಾಣಿ ಗೆದ್ದರೆ ನಾಲ್ಕು, ಕಪ್ಪು ಅವರದು. ಡ್ರಾ ಆದರೆ ಸಮ. ಆದರೆ ಬೆಳಿಗ್ಗೆ ಅವರಿಬ್ಬರ ನಡುವಿನ ಆಟದಲ್ಲಿ ಗೆದ್ದವರು ಗುರುಸಿದ್ದಯ್ಯನವರಾದ್ದರಿಂದ ಕಪ್ಪು ಆ ಕಡೆಗೆ.

ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ತುಂಗಾ ಅನ್ನಪೂರ್ಣೇಶ್ವರಿ ನಗರದ ಅಕ್ಕನ ಮನೆಯಲ್ಲಿದ್ದರು. ಊಟದ ಹೊತ್ತಿನಲ್ಲಿ ಆಡಿದ ಎರಡು ಮಾತಿನಲ್ಲಿ ಒಂದು ಹೀಗಿತ್ತು: "ಮೂರೂವರೆಗೆ ಇಲ್ಲಿಂದ ಹೊರಡ್ತೀನಿ, ಹೊರಡೋವಾಗ ಫೋನ್ ಮಾಡ್ತೀನಿ ಕಣ್ರೀ." ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ತುಂಗಾ ಹೇಳಿದ ಹೊತ್ತು ತಪ್ಪಿದ್ದಿಲ್ಲ. ಪಕ್ಕದ ಮನೆಯವರು ಅವರ ಕುಕ್ಕರ್ ಕೂಗಿಗೆ ವಾಚು ಸರಿ ಮಾಡಿಕೊಳ್ಳುತ್ತಿದ್ದರು.

ಇಪ್ಪತ್ತು ನಿಮಿಷವಿತ್ತು.

ಜೇಬಿಗೆ ಕೈ ಹಾಕಿ ಆಫ್ ಮಾಡಬಹುದಿತ್ತು. ಆದರೆ ಆ ಫೋನು ಮಲಗುವ ಮುಂಚೆ ಒಂದು ಚೂರು ರಾಗ ಹಾಡಿಯೇ ಮಲಗುತ್ತಿತ್ತು. ಯಾರು ಏನು ಮಾಡಿದರೂ ಆ ಚಟ ಬಿಟ್ಟಿರಲಿಲ್ಲ. ಗೊತ್ತಿಲ್ಲದ ಗುಂಡಿ ಒತ್ತಿದರೆ ಟಾರ್ಚ್ ಹತ್ತಿಕೊಂಡು ಪ್ಯಾಂಟಿನೊಳಗಿಂದ ಬೆಳಗುವುದೂ ಇತ್ತು. ಬಚ್ಚಲಿಗೆ ಹೋಗಿ ಆಫ್ ಮಾಡಬಹುದಿತ್ತು. ಆದರೆ ಜೇಬಿನಲ್ಲಿ ಫೋನಿಟ್ಟುಕೊಂಡು ಬಚ್ಚಲಿಗೆ ಹೋಗುವವರು ಈ ಚೆಸ್ ಲೋಕದಲ್ಲಿ ಎಂಜಿನ್ನನ್ನು ಕೇಳುವ ಒಂದೇ ಕೆಲಸಕ್ಕೆ ಹೋಗುತ್ತಾರೆ, ಅದು ಎಲ್ಲರಿಗೂ ಗೊತ್ತು. ಎದ್ದು ಹೇಳಿಬಿಡಬಹುದಿತ್ತು. ಹೇಳಿದರೆ ಸೋಲು.

ಇಷ್ಟರ ಮೇಲೆ ಅಂಬುಜಾ ಮೇಡಂ ಇದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಈ ಭಾಗದ ಟೂರ್ನಮೆಂಟುಗಳಿಗೆಲ್ಲ ಆರ್ಬಿಟರ್, ಅಂದರೆ ತೀರ್ಪುಗಾರರು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿ ಓಡಾಡುವುದರಿಂದ ಅವರು ಬರುವ ಸದ್ದೇ ಇರುತ್ತಿರಲಿಲ್ಲ. ಹಿಂದೆ ನಿಂತಿದ್ದಾರೆ ಎಂಬುದು ಕತ್ತಿನ ಹಿಂಭಾಗಕ್ಕೆ ಮಾತ್ರ ತಿಳಿಯುತ್ತಿತ್ತು. ಈಗ ಚಕ್ರಪಾಣಿಯವರ ಕತ್ತಿನ ಹಿಂಭಾಗಕ್ಕೆ ಅದು ತಿಳಿಯಿತು.

"ಸಾರ್, ಹುಷಾರಾಗಿದೀರಾ? ಬೆವರ್ತಾ ಇದೀರಿ."

"ಬಿಸಿಬೇಳೆಬಾತ್ ತಿಂದೆ ಮೇಡಂ."

"ಫ್ಯಾನ್ ಜೋರು ಮಾಡಿಸ್ಲಾ?"

"ಬೇಡಿ ಬೇಡಿ," ಎಂದರು ಚಕ್ರಪಾಣಿ. ಫ್ಯಾನ್ ಗಾಳಿಗೆ ಪ್ಯಾಂಟು ತೊಡೆಗೆ ಅಂಟಿದರೆ ಫೋನಿನ ಆಕಾರ ಕಾಣುತ್ತದೆ ಎಂಬ ವಿಚಾರ ಅವರಿಗೆ ಆಗಲೇ ಬಂದಿತ್ತು. ಭಯಕ್ಕೆ ಇರುವಷ್ಟು ದೂರಾಲೋಚನೆ ಬುದ್ಧಿಗೆ ಇದ್ದಿದ್ದರೆ ಅವರು ಎಂದೋ ಕಪ್ ಗೆಲ್ಲುತ್ತಿದ್ದರು.

ಸೋಲು ಒಂದೇ ಆಗಿದ್ದರೆ ಇಷ್ಟು ನಡುಗಬೇಕಾಗಿರಲಿಲ್ಲ. ಸೋತು ಅಭ್ಯಾಸವಿತ್ತು. ಸೋತರೆ ಕಪ್ಪು ಹೋಗುತ್ತದೆ. ಫೋನು ಬಡಿದುಕೊಂಡರೆ ಹೆಸರು ಹೋಗುತ್ತದೆ. ಹೆಸರು ಹೇಗೆ ಹೋಗುತ್ತದೆ ಎಂಬುದು ಚಕ್ರಪಾಣಿಯವರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರದನ್ನು ಅವರೇ ಕಳೆದಿದ್ದರು.

ಅದು ಏಳು ವರ್ಷದ ಹಿಂದಿನ ಮಾತು, ಕೆಂಗೇರಿಯಲ್ಲಿ. ಎದುರಿಗೆ ಕೂತಿದ್ದವರು ರುದ್ರಮುನಿ ಎಂಬ ಡ್ರಾಯಿಂಗ್ ಮೇಷ್ಟ್ರು. ಮೆತ್ತಗಿನ ಮನುಷ್ಯ. ಕಾಯಿ ಹೊಡೆಯುವಾಗಲೂ ಅದಕ್ಕೆ ನೋವಾಗದ ಹಾಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ಇಪ್ಪತ್ತಾರು ನಡೆಗಳ ಕಾಲ ಚಕ್ರಪಾಣಿಯವರನ್ನು ಅಷ್ಟೇ ಮೆತ್ತಗೆ ಹಿಸುಕುತ್ತ ಬಂದಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ರುದ್ರಮುನಿಯವರ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರ ತಾಯಿ; ಬಿಪಿ ಮಾತ್ರೆ ಎಲ್ಲಿಟ್ಟಿದ್ದೀಯಪ್ಪಾ ಎಂದು ಕೇಳಲು ಮಾಡಿದ್ದರಂತೆ. ಪಾಯಿಂಟು ಚಕ್ರಪಾಣಿಯವರಿಗೆ ಬಂತು.

ಆಮೇಲೆ ಹೊರಗೆ ಟೀ ಅಂಗಡಿಯ ಮುಂದೆ ಏಳೆಂಟು ಜನ. ಒಬ್ಬ, "ಫೋನ್ ಯಾಕ್ ಇಟ್ಕೊಂಡಿದ್ರು ಗುರು? ಎಂಜಿನ್ ಏನಾದ್ರೂ...?" ಎಂದ. ಎಲ್ಲರೂ ಚಕ್ರಪಾಣಿಯವರ ಕಡೆ ತಿರುಗಿದರು. ಎದುರಿಗೆ ಕೂತಿದ್ದವರು ಅವರು ತಾನೆ. ಅವರು ಟೀ ಒಂದು ಗುಟುಕು ಹೀರಿ ಹೇಳಿದ್ದರು: "ನಂಗೂ ಒಂದ್ ಡೌಟ್ ಇತ್ತು ಬಿಡಿ."

ಡೌಟು ಇರಲಿಲ್ಲ, ಚೂರೂ ಇರಲಿಲ್ಲ. ತನ್ನನ್ನು ಇಪ್ಪತ್ತಾರು ನಡೆ ಹಿಸುಕಿದ್ದು ಮನುಷ್ಯನಲ್ಲ, ಯಂತ್ರ ಎಂದಾದರೆ ಮನಸ್ಸಿಗೆ ಸ್ವಲ್ಪ ಹಗುರ ಎನಿಸಿತ್ತು, ಅಷ್ಟೆ. ಮುಂದಿನ ಟೂರ್ನಮೆಂಟಿಗೆ ರುದ್ರಮುನಿ ಬರುವ ಹೊತ್ತಿಗೆ ಅವರ ಹೆಸರು ಬ್ಲೂಟೂತ್ ಮೇಷ್ಟ್ರು ಎಂದಾಗಿತ್ತು. ಅದರ ಮುಂದಿನದರಲ್ಲಿ ಒಬ್ಬ ಎಂಜಿನಿಯರಿಂಗ್ ಹುಡುಗ ಆಟ ಶುರುವಾಗುವ ಮುಂಚೆ ಅವರ ಕಿವಿಯೊಳಗೆ ನೋಡಬೇಕೆಂದ. ಮೇಷ್ಟ್ರು ಕಿವಿ ತೋರಿಸಿದರು, ಆಡಿದರು, ಸೋತರು. ಆಮೇಲೆ ಬರಲಿಲ್ಲ. ಹೋದ ವರ್ಷ ಮಾರೇನಹಳ್ಳಿಯಲ್ಲಿ ಅವರು ಗಾಡಿಯ ಮುಂದೆ ನಿಂತು ಅವರೆಕಾಯಿ ಆರಿಸುತ್ತಿದ್ದದ್ದು ಕಂಡು, ಚಕ್ರಪಾಣಿಯವರು ತಮಗೆ ಬೇಡದ ಒಂದು ಪಾತ್ರೆ ಅಂಗಡಿಗೆ ನುಗ್ಗಿ ಜಾಲರಿ ಸೌಟು ಕೊಂಡು ಬಂದಿದ್ದರು.

ಮೂರು ಹದಿನೆಂಟು.

"ಅಂಕಲ್, ಕಾಲ್ ಅಲ್ಲಾಡಿಸ್ಬೇಡಿ. ಬೋರ್ಡ್ ಅಲ್ಲಾಡ್ತಿದೆ."

ಚಕ್ರಪಾಣಿಯವರು ಕಾಲು ನಿಲ್ಲಿಸಿದರು. ನಿಂತ ಕಾಲಿನೊಳಗೆ ಫೋನು ಈಗ ಇನ್ನೂ ಸ್ಪಷ್ಟವಾಯಿತು. ಒಮ್ಮೊಮ್ಮೆ ಅದು ಗುಂಯ್ ಅಂದ ಹಾಗಾಗುತ್ತಿತ್ತು. ಅಂದದ್ದು ಫೋನೋ ತೊಡೆಯೋ ತಿಳಿಯುತ್ತಿರಲಿಲ್ಲ. ವಾಲ್ಯೂಮು ಎಷ್ಟಿದೆ ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಚಕ್ರಪಾಣಿಯವರ ಎಡಗಿವಿ ಮಂದವಾದ ಮೇಲೆ, ಸ್ನಾನದ ಮನೆಗೂ ಕೇಳಲಿ ಎಂದು ತುಂಗಾ ಅದಕ್ಕೆ ಹಳೆಯ ಕಾಲದ ಟೆಲಿಫೋನ್ ಗಂಟೆಯ ಸದ್ದು ಹಾಕಿ, ಅತಿ ಮೇಲಕ್ಕೆ ಏರಿಸಿಟ್ಟಿದ್ದರು. ಟ್ರಿಂಗ್ ಟ್ರಿಂಗ್ ಎಂದರೆ ಮೂರನೇ ಮನೆಯ ನಾಯಿ ಬೊಗಳುತ್ತಿತ್ತು.

ವಿಚಿತ್ರವೆಂದರೆ ಆಟ ಬಹಳ ಚೆನ್ನಾಗಿ ನಡೆಯುತ್ತಿತ್ತು. ತಲೆಯೆಲ್ಲ ಜೇಬಿನಲ್ಲಿದ್ದುದರಿಂದ ಕೈಗೆ ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ಬೇಗ ಮುಗಿಸಿದರೆ ಸಾಕು ಎಂದು ತಟತಟನೆ ನಡೆಸುತ್ತಿದ್ದರು, ಪ್ರತಿ ನಡೆಯೂ ಸರಿಯಾಗಿ ಕೂರುತ್ತಿತ್ತು. ಇಂಚರಾಳ ಒಂದು ಕುದುರೆ ಆಗಲೇ ಬೋರ್ಡಿನ ಹೊರಗೆ ಮಲಗಿತ್ತು. ಅವಳು ಎರಡೂ ಜಡೆ ಹಿಡಿದುಕೊಂಡು ಯೋಚಿಸಲು ಶುರು ಮಾಡಿದಳು. ಅವಳ ಗಡಿಯಾರದಲ್ಲಿ ಹದಿನಾಲ್ಕು ನಿಮಿಷವಿತ್ತು. ಅಷ್ಟನ್ನೂ ಖರ್ಚು ಮಾಡುವ ಉದ್ದೇಶ ಮುಖದಲ್ಲಿತ್ತು.

ಮೂರು ಇಪ್ಪತ್ತಮೂರು. ಹೆಸರು ಉಳಿದರೆ ಸಾಕು, ಕಪ್ಪು ಗುರುಸಿದ್ದಯ್ಯನಿಗೇ ಹೋಗಲಿ ಎಂದುಕೊಂಡರು ಚಕ್ರಪಾಣಿ.

"ಡ್ರಾ ಮಾಡ್ಕೊಳ್ಳೋಣೇನಮ್ಮಾ?"

ಇಂಚರಾ ಬೋರ್ಡು ನೋಡಿದಳು. ಹೊರಗೆ ಮಲಗಿದ್ದ ತನ್ನ ಕುದುರೆಯನ್ನೂ ನೋಡಿದಳು. ಆಮೇಲೆ ಅವರನ್ನು ಕನಿಕರದಿಂದ ನೋಡಿದಳು. "ಬೇಡ ಅಂಕಲ್. ಸೋಲೋದಾದ್ರೂ ಪೂರ್ತಿ ಆಡಿ ಸೋಲು ಅಂದಿದಾರೆ ನಮ್ ಕೋಚು."

"ಆಗ್ಲಿ. ಆದ್ರೆ ಬೇಗ ಆಡಮ್ಮ."

"ಅವಸರ ಮಾಡಿಸೋ ಹಾಗಿಲ್ಲ ಅಂಕಲ್. ರೂಲ್ಸ್ ಇದೆ."

ರೂಲ್ಸ್ ಎಂಬ ಮಾತಿಗೆ ಚಕ್ರಪಾಣಿಯವರು ಬಲಜೇಬಿನ ಮೇಲೆ ಅಂಗೈ ಇಟ್ಟುಕೊಂಡರು. ತಾನೇ ಸೋಲೊಪ್ಪಿಕೊಂಡು ಕೈ ಕೊಟ್ಟು ಎದ್ದುಬಿಡಬಹುದಿತ್ತು. ಆಗ ಎಲ್ಲವೂ ಕ್ಷೇಮ. ಆ ಯೋಚನೆ ಬಂದು, ಕೈ ಮುಂದೆ ಚಾಚಲು ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ವೇದಿಕೆಯ ಮೇಲಿನ ಕಪ್ಪಿನ ಮೇಲೆ ಕಿಟಕಿಯ ಬಿಸಿಲು ಬಿತ್ತು. ಮೂವತ್ತಾರು ವರ್ಷ. ಕೈ ಹಿಂದಕ್ಕೆ ಬಂತು.

ಮೂರು ಇಪ್ಪತ್ತೇಳು. ಇಂಚರಾ ಆನೆ ಸರಿಸಿದಳು. ಅದು ತಪ್ಪು ನಡೆ. ಚಕ್ರಪಾಣಿಯವರಿಗೆ ಕಂಡಿತು: ಮಂತ್ರಿಯನ್ನು ಮೂಲೆಗೆ ಒಯ್ದರೆ ಅದರ ಮುಂದಿನ ನಡೆಗೆ ಅವಳ ರಾಜನಿಗೆ ಜಾಗವಿರುವುದಿಲ್ಲ. ಮಂತ್ರಿಯನ್ನು ಒಯ್ದರು. ಗಡಿಯಾರ ಒತ್ತಿದರು. ಮೂರು ಇಪ್ಪತ್ತೆಂಟು. ಅವಳಿಗೂ ಕಂಡಿತು. ತುಟಿ ಕಚ್ಚಿದಳು, ರಾಜನನ್ನು ಒಂದು ಮನೆ ಸರಿಸಿದಳು. ಇನ್ನು ಒಂದೇ ನಡೆ. ಎದುರಿನ ಗೋಡೆಯಲ್ಲಿ ಮುಳ್ಳು ಆರರ ಮೇಲೆ ಬಂದು ನಿಂತಿತು. ಚಕ್ರಪಾಣಿಯವರು ಆನೆಯ ಕಡೆಗೆ ಕೈ ಎತ್ತಿದರು.

ಟ್ರಿಂಗ್ ಟ್ರಿಂಗ್.

ಎಪ್ಪತ್ತು ತಲೆಗಳು ಒಟ್ಟಿಗೆ ಎದ್ದವು. ಚಕ್ರಪಾಣಿಯವರು ಅವೆಲ್ಲಕ್ಕಿಂತ ಮೊದಲೇ ಎದ್ದು ನಿಂತಿದ್ದರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಲಗೈ ಜೇಬಿಗೆ ಹೋಗಿ ಫೋನು ಹೊರಗೆಳೆದಿತ್ತು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಿತ್ತು. "ನಂದೇ ಮೇಡಂ! ನಂದೇ! ಸಾರಿ, ಮರೆತು ಬಂದ್ಬಿಟ್ಟಿದೀನಿ, ಬೇಕೂಂತ ಅಲ್ಲ, ದೇವ್ರಾಣೆ ಬೇಕೂಂತ ಅಲ್ಲ!"

ಟ್ರಿಂಗ್ ಟ್ರಿಂಗ್.

ಎತ್ತಿ ಹಿಡಿದ ಫೋನಿನ ಪರದೆ ಕಪ್ಪಗಿತ್ತು.

ಸದ್ದು ಬರುತ್ತಿದ್ದದ್ದು ವೇದಿಕೆಯ ಪಕ್ಕದ ಮೇಜಿನಿಂದ. ಅಂಬುಜಾ ಮೇಡಂ ಕ್ಯಾನ್ವಾಸ್ ಶೂನಲ್ಲಿ ಸದ್ದಿಲ್ಲದೆ ಓಡಿ ಹೋಗಿ ತಮ್ಮ ವ್ಯಾನಿಟಿ ಬ್ಯಾಗಿನೊಳಗೆ ಕೈ ಹಾಕಿ ಅದನ್ನು ಅದುಮಿದರು. ಅರವತ್ತು ದಾಟಿದವರ ಮನೆಗಳಲ್ಲೆಲ್ಲ ಮಕ್ಕಳೋ ಹೆಂಡತಿಯೋ ಗಂಡನೋ ಇದೇ ಟೆಲಿಫೋನ್ ಗಂಟೆಯನ್ನು ಹಾಕಿಕೊಟ್ಟಿರುತ್ತಾರೆ ಎಂಬುದು ಆ ಕ್ಷಣದಲ್ಲಿ ಚಕ್ರಪಾಣಿಯವರಿಗೆ ಹೊಳೆದ ಸತ್ಯ. ಅದು ಹೊಳೆಯಲು ಒಂದು ನಿಮಿಷ ತಡವಾಗಿತ್ತು.

ಮೇಡಂ ಹನ್ನೊಂದನೇ ಬೋರ್ಡಿನ ಹತ್ತಿರ ಬಂದರು. ಅವರ ಮುಖವೂ ಕೆಂಪಾಗಿತ್ತು. "ಆರ್ಬಿಟರ್ ಫೋನ್‌ಗೆ ರೂಲ್ ಇಲ್ಲ ಸಾರ್," ಎಂದರು ಯಾರೂ ಕೇಳದಿದ್ದರೂ. ಆಮೇಲೆ ದನಿ ತಗ್ಗಿಸಿ, "ನೀವು ಕೂತೇ ಇದ್ದಿದ್ರೆ ನಂಗ್ ಗೊತ್ತೇ ಆಗ್ತಿರ್ಲಿಲ್ಲ. ಈಗ ಎಲ್ರೂ ನೋಡ್ಬಿಟ್ರು. ನಾನೇನ್ ಮಾಡ್ಲಿ ಹೇಳಿ?"

"ಏನ್ ಮಾಡ್ಬೇಕೋ ಮಾಡಿ ಮೇಡಂ."

ಅವರು ಗಡಿಯಾರ ನಿಲ್ಲಿಸಿದರು.

ಇಂಚರಾ ಬೋರ್ಡನ್ನೇ ನೋಡುತ್ತಿದ್ದಳು. "ಆದ್ರೆ ಮೇಡಂ, ನಾನು ಸೋತೋಗಿದ್ನಲ್ಲ. ಇನ್ನೊಂದ್ ಮೂವ್‌ಗೆ ಮೇಟು."

"ಇಲ್ಲ ಪುಟ್ಟಿ, ನೀನು ಗೆದ್ದಿದೀಯ."

"ಇದ್ಯಾವ ಗೆಲ್ಲೋದು?" ಎಂದಳು ಇಂಚರಾ, ಯಾರಿಗೂ ಅಲ್ಲದ ಹಾಗೆ.

ಚಕ್ರಪಾಣಿಯವರು ಮೆಟ್ಟಿಲಿಳಿದು ಬಂದರು. ಕೊನೆಯ ತಿರುವಿನಲ್ಲಿ ಕಂಬ ಹಿಡಿದು ನಿಂತರು. ಕೆಳಗೆ ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದ ಐದಾರು ಜನ. ಬೆನ್ನು ಈ ಕಡೆಗೆ ಮಾಡಿ ನಿಂತಿದ್ದವರು ಗುರುಸಿದ್ದಯ್ಯ. ಮೇಲಿಂದ ಸುದ್ದಿ ಚಕ್ರಪಾಣಿಯವರಿಗಿಂತ ಮೊದಲೇ ಇಳಿದಿತ್ತು. ಇಂಚರಾಳೂ ಅವರಿಗಿಂತ ಮೊದಲೇ ಇಳಿದು, ಕೋಚಿನ ಪಕ್ಕ ನಿಂತು ಎಲ್ಲರಿಗೂ ನಿಷ್ಠೆಯಿಂದ ಸಾಕ್ಷಿ ಹೇಳುತ್ತಿದ್ದಳು: "ಅಂಕಲ್ ಸಖತ್ತಾಗ್ ಆಡಿದ್ರು. ಗೆಲ್ತಿದ್ರು. ನಿಜ್ವಾಗ್ಲೂ!"

"ಅದೇ ನೋಡವ್ವ ಮಾತು," ಎಂದರು ಗುರುಸಿದ್ದಯ್ಯ. "ಮೂವತ್ತು ವರ್ಷದಿಂದ ಅವ್ರ ಆಟ ನೋಡೀನಿ. ಸಖತ್ತಾಗಿ ಆಡಿದ್ರು ಅಂದ್ರೆ..." ಕಾಫಿ ಒಂದು ಗುಟುಕು ಹೀರಿದರು. "ನನಗೂ ಒಂದು ಡೌಟ್ ಇತ್ತು ಬಿಡ್ರೀ."

ಚಕ್ರಪಾಣಿಯವರಿಗೆ ಕಂಬ ಸ್ವಲ್ಪ ವಾಲಿದಂತಾಯಿತು. ಹಿಂದಿನ ಬಾಗಿಲಿನಿಂದ ಹೋಗಿ ಬಸ್ಸು ಹಿಡಿಯಬಹುದಿತ್ತು. ಯಾಕೋ ಕಾಲುಗಳು ಮುಂದಕ್ಕೇ ಇಳಿದವು. ಗುಂಪು ಅವರನ್ನು ಕಂಡು ಕಾಫಿಯೊಳಗೆ ನೋಡತೊಡಗಿತು.

"ಬರ್ರೀ ಚಕ್ರಪಾಣಿಯವ್ರೇ," ಎಂದರು ಗುರುಸಿದ್ದಯ್ಯ ಅವಸರದಿಂದ. "ಹಿಂಗಾಗಬಾರದಿತ್ತು ನೋಡ್ರಿ. ಕಾಫಿ ಹೇಳ್ಲೇನು?"

"ರುದ್ರಮುನಿಯವ್ರ ವಿಷ್ಯದಲ್ಲಿ ನಂಗೆ ಡೌಟ್ ಇರ್ಲಿಲ್ಲ," ಎಂದರು ಚಕ್ರಪಾಣಿ. ಎರಡು ಸಲ ಹೇಳಬೇಕಾಯಿತು. "ಇತ್ತು ಅಂದಿದ್ದೆ. ಸುಳ್ಳು. ಇರ್ಲಿಲ್ಲ. ಅವ್ರು ಚೆನ್ನಾಗೇ ಆಡಿದ್ರು."

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ರುದ್ರಮುನಿ?"

"ಕೆಂಗೇರೀಲಿ ಆಡ್ತಿದ್ರಲ್ಲ. ಡ್ರಾಯಿಂಗ್ ಮೇಷ್ಟ್ರು."

"ಇಲ್ರೀ, ನೆನಪಾಗವಲ್ದು."

ಚಕ್ರಪಾಣಿಯವರು ಆ ಹೆಸರನ್ನೇ ಹೇಳಬೇಕಾಯಿತು. "ಬ್ಲೂಟೂತ್ ಮೇಷ್ಟ್ರು."

"ಓ, ಅವ್ನಾ!" ಎಂದರು ಎಲ್ಲರೂ ಒಟ್ಟಿಗೆ, ಸಂತೋಷದಿಂದ.

ಆಗ ಬಲಜೇಬು ಬಡಿದುಕೊಂಡಿತು. ಟ್ರಿಂಗ್ ಟ್ರಿಂಗ್. ಚಕ್ರಪಾಣಿಯವರು ಬೆಚ್ಚಿಬಿದ್ದರು, ಇನ್ನು ಬೆಚ್ಚಲು ಕಾರಣವಿಲ್ಲ ಎಂಬುದು ದೇಹಕ್ಕೆ ಇನ್ನೂ ತಿಳಿದಿರಲಿಲ್ಲ. ಮೂರು ಐವತ್ತೆರಡು.

"ಲೇಟಾಯ್ತು ಕಣ್ರೀ," ಎಂದರು ತುಂಗಾ. "ಅಕ್ಕ ಇನ್ನೊಂದ್ ಸಲ ಕಾಫಿ ಅಂತ ಕೂರಿಸ್ಬಿಟ್ಳು. ಆಟದ ಮಧ್ಯೆ ಫೋನ್ ಮಾಡಿ ತೊಂದ್ರೆ ಯಾಕೆ ಅಂತ ನಾನೂ ಸುಮ್ನಿದ್ದೆ. ಮುಗೀತಾ?"

"ಮುಗೀತು."

ಫಲಿತಾಂಶದ ಹಾಳೆಯನ್ನು ನಾಲ್ಕೂವರೆಗೆ ಬಾಗಿಲ ಪಕ್ಕ, ನೀಲಿ ಕ್ರೇಟಿನ ಮೇಲ್ಗಡೆ ಅಂಟಿಸಿದರು. ಐದನೇ ಸುತ್ತು, ಹನ್ನೊಂದನೇ ಬೋರ್ಡು: ಇಂಚರಾ ಒಂದು, ಚಕ್ರಪಾಣಿ ಸೊನ್ನೆ. ಹಿರಿಯರ ಕಪ್ ಗುರುಸಿದ್ದಯ್ಯನವರಿಗೆ ಹೋಯಿತು.